ಜಮಖಂಡಿ ಮತ್ತು ಮುಧೋಳ: ಎರಡು ಸಂಸ್ಥಾನಗಳ ಅಭಿವೃದ್ಧಿ, ಜನಜೀವನದ ತೌಲನಿಕ ಇತಿಹಾಸ

ಜಮಖಂಡಿ ಮತ್ತು ಮುಧೋಳ ಈಗಿನ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದಲ್ಲಿ 1948ರವರೆಗೆ ಅಕ್ಕಪಕ್ಕದಲ್ಲಿದ್ದ ಎರಡು ದೇಶೀಯ ಸಂಸ್ಥಾನಗಳು. ಜಮಖಂಡಿಯ ಬದುಕು ಕೃಷ್ಣೆಗೆ ಅಂಟಿಕೊಂಡಿತ್ತು, ಮುಧೋಳದ್ದು ಘಟಪ್ರಭೆಗೆ. ಎರಡೂ ಕಡೆಯ ಪ್ರಜೆಗಳು ಬಹುಪಾಲು ಕನ್ನಡಿಗರು. ಎರಡೂ ಕಡೆಯ ದೊರೆಗಳು ಮರಾಠಿ ಮನೆತನದವರು. ಬ್ರಿಟಿಷ್ ದಾಖಲೆಗಳು ಇವನ್ನು ‘ದಕ್ಷಿಣ ಮರಾಠಾ ಸಂಸ್ಥಾನಗಳು’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಟ್ಟವು. ಸಂಸ್ಥಾನಗಳ ದಫ್ತರಗಳು ಮರಾಠಿಯಲ್ಲಿ, ಅದರಲ್ಲೂ ಮೋಡಿ ಲಿಪಿಯಲ್ಲಿ ಇದ್ದುದರಿಂದ ಕನ್ನಡದಲ್ಲಿ ಬರೆದವರು ಅವನ್ನು ಮುಟ್ಟಿದ್ದು ಕಡಿಮೆ. ಹೀಗಾಗಿ ಲಭ್ಯವಿರುವ ಬರಹಗಳಲ್ಲಿ ಅರಮನೆ, ವಂಶಾವಳಿ, ಬೇಟೆನಾಯಿಗಳ ವಿವರ ಧಾರಾಳವಾಗಿದೆ. ಊಟ, ನೀರು, ದುಡಿಮೆಯ ವಿವರ ತೀರ ತೆಳುವಾಗಿದೆ.

ಅಕ್ಕಪಕ್ಕದ ಎರಡು ನಾಡುಗಳನ್ನು ಎದುರುಬದುರು ಇಟ್ಟು ನೋಡುವ ಪದ್ಧತಿ ಆಫ್ರಿಕಾದ ಅಧ್ಯಯನಗಳಲ್ಲಿ ಬಹಳ ಬಳಕೆಯಲ್ಲಿದೆ. 1957ರಲ್ಲಿ ಘಾನಾದ ಕ್ವಾಮೆ ಎನ್‌ಕ್ರುಮಾ ಮತ್ತು ಐವರಿ ಕೋಸ್ಟ್‌ನ ಫೆಲಿಕ್ಸ್ ಹೂಫೂಯೆ-ಬ್ವಾನ್ಯಿ ಹತ್ತು ವರ್ಷಗಳಲ್ಲಿ ಯಾರ ನಾಡು ಮುಂದೆ ಬಂದಿರುತ್ತದೆ ನೋಡೋಣ ಎಂದು ಪಣ ಕಟ್ಟಿದ್ದು ಪ್ರಸಿದ್ಧ. ಆ ಗಡಿಯ ಎರಡೂ ಕಡೆ ಆಕಾನ್ ಜನರಿದ್ದಾರೆ. ಆಳ್ವಿಕೆ ಮಾತ್ರ ಒಂದು ಕಡೆ ಇಂಗ್ಲಿಷರದು, ಇನ್ನೊಂದು ಕಡೆ ಫ್ರೆಂಚರದು ಆಗಿತ್ತು. ಭಾಷೆ, ಬೆಳೆ, ಹವೆ ಒಂದೇ ಇದ್ದು ಆಳ್ವಿಕೆ ಬೇರೆಯಾದಾಗ ಜನರ ಬದುಕು ಎಷ್ಟು ಬೇರೆಯಾಗುತ್ತದೆ ಎಂಬ ಪ್ರಶ್ನೆಯನ್ನು ಜಮಖಂಡಿ–ಮುಧೋಳಗಳ ಬಗೆಗೂ ಕೇಳಬಹುದು.

ಹಿನ್ನೆಲೆ

ಮುಧೋಳದ ಘೋರ್ಪಡೆ ಮನೆತನ ಹಳೆಯದು. ಬಹಮನಿ ಮತ್ತು ಆದಿಲಶಾಹಿ ಕಾಲದಿಂದ ಜಹಗೀರು ನಡೆಸಿಕೊಂಡು ಬಂದ ಈ ಮನೆತನದ ಬಾಜಿ ಘೋರ್ಪಡೆ, ಶಿವಾಜಿಯ ತಂದೆ ಶಹಾಜಿಯ ಸೆರೆಯಲ್ಲಿ ಪಾತ್ರ ವಹಿಸಿ, ಮುಂದೆ ಶಿವಾಜಿಯ ದಾಳಿಯಲ್ಲಿ ಹತನಾದ. ಜಮಖಂಡಿ ಪಟವರ್ಧನ ಮನೆತನದ ಪಾಲಾಗಿ 1811ರಲ್ಲಿ ಬೇರೆ ಸಂಸ್ಥಾನವಾಯಿತು. ಹಳಗನ್ನಡದ ಕವಿ ರನ್ನ ಮುಧೋಳ ಸೀಮೆಯವನೆಂಬುದು, ಮುಧೋಳದ ಬೇಟೆನಾಯಿ ತಳಿಯನ್ನು ರಾಜಾ ಮಾಲೋಜಿರಾವ್ ಘೋರ್ಪಡೆ ಪೋಷಿಸಿದರೆಂಬುದು, ಆ ತಳಿಯ ಚಿತ್ರವಿದ್ದ ಅಂಚೆಚೀಟಿ 2005ರಲ್ಲಿ ಹೊರಬಂದದ್ದು ಎಲ್ಲರೂ ಬಲ್ಲ ಸಂಗತಿ.

ಸಂಸ್ಥಾನಗಳ ದೊಡ್ಡಸ್ತಿಕೆಯನ್ನು ಅಳೆಯುವಲ್ಲಿ ಒಂದು ಗೊಂದಲ ಮೊದಲಿನಿಂದಲೂ ಇದೆ. ಮುಧೋಳದ ರಾಜನಿಗೆ 9 ತೋಪುಗಳ ಗೌರವವಿತ್ತು, ಜಮಖಂಡಿಗೆ ಅದಿರಲಿಲ್ಲ; ಆದಕಾರಣ ಮುಧೋಳವೇ ದೊಡ್ಡದೆಂದು ಬರೆದವರಿದ್ದಾರೆ. 1901ರ ಜನಗಣತಿ ಇದನ್ನು ಅಲ್ಲಗಳೆಯುತ್ತದೆ. ಜಮಖಂಡಿಯ ವಿಸ್ತಾರ 524 ಚದರ ಮೈಲಿ, ಜನಸಂಖ್ಯೆ 1,05,357. ಮುಧೋಳದ ವಿಸ್ತಾರ 368 ಚದರ ಮೈಲಿ, ಜನಸಂಖ್ಯೆ 63,001. ಚದರ ಮೈಲಿಗೆ ಜಮಖಂಡಿಯಲ್ಲಿ 201 ಜನ, ಮುಧೋಳದಲ್ಲಿ 171 ಜನ. ರಾಜಧಾನಿಗಳಲ್ಲಿಯೂ ಜಮಖಂಡಿಯೇ ದೊಡ್ಡದು: 13,029ಕ್ಕೆ ಎದುರಾಗಿ ಮುಧೋಳ ಪಟ್ಟಣದಲ್ಲಿ 8,359 ಜನರಿದ್ದರು. ತೋಪುಗಳ ಎಣಿಕೆ ಮನೆತನದ ಹಿರಿಮೆಯನ್ನು ಹೇಳುತ್ತದೆಯೇ ಹೊರತು ಪ್ರಜೆಗಳ ಸ್ಥಿತಿಯನ್ನಲ್ಲ.

ಆದರೆ ಜಮಖಂಡಿಯ ಅಂಕಿಗಳನ್ನು ಹಾಗೆಯೇ ತೆಗೆದುಕೊಳ್ಳುವುದೂ ತಪ್ಪಾಗುತ್ತದೆ. ಆ ಸಂಸ್ಥಾನ ಒಂದೇ ತುಂಡಾಗಿರಲಿಲ್ಲ. ಹುಬ್ಬಳ್ಳಿಯ ಬದಿಯ ಕುಂದಗೋಳ ಜಮಖಂಡಿಗೆ ಸೇರಿತ್ತು. ಹತ್ತಿ ಬೆಳೆಯುವ ಎರೆ ಭೂಮಿಯ, ರೈಲಿಗೆ ಹತ್ತಿರವಾದ ಕುಂದಗೋಳಕ್ಕೂ ಕೃಷ್ಣಾತೀರದ ಜೋಳದ ಊರುಗಳಿಗೂ ಬದುಕಿನ ರೀತಿಯಲ್ಲಿ ಬಹಳ ಅಂತರವಿತ್ತು. ಮುಧೋಳದೊಂದಿಗೆ ಹೋಲಿಸಬೇಕಾದದ್ದು ಕೃಷ್ಣಾತೀರದ ಜಮಖಂಡಿಯನ್ನು ಮಾತ್ರ. ಈ ಎಚ್ಚರ ಇಲ್ಲದ ಹೋಲಿಕೆಗಳು ಜಮಖಂಡಿಯ ಸ್ಥಿತಿಯನ್ನು ಇದ್ದುದಕ್ಕಿಂತ ಮೇಲೆ ತೋರಿಸುತ್ತವೆ.

ಹಲಗಲಿ ಯಾವ ನಾಡಿನದು

1857ರ ಹಲಗಲಿ ಬೇಡರ ದಂಗೆಯನ್ನು ಬಿಜಾಪುರ ಜಿಲ್ಲೆಯ ಘಟನೆಯಾಗಿ ಹೇಳುವುದು ರೂಢಿಯಾಗಿದೆ. ಆಗ ಹಲಗಲಿ ಮುಧೋಳ ಸಂಸ್ಥಾನದ ಊರು. ಈ ಭೇದ ಹೋಲಿಕೆಗೆ ಮುಖ್ಯ. ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾಯ್ದೆ ಬ್ರಿಟಿಷರದು. ಅದನ್ನು ತನ್ನ ಪ್ರಜೆಗಳ ಮೇಲೆ ಹೇರಬೇಕಾದದ್ದು ಸಂಸ್ಥಾನ. ಬೇಟೆ ಮತ್ತು ಕಾವಲನ್ನೇ ನಂಬಿದ ಬೇಡರಿಗೆ ಆಯುಧ ಕಳೆದುಕೊಳ್ಳುವುದೆಂದರೆ ಹೊಟ್ಟೆಪಾಡನ್ನೇ ಕಳೆದುಕೊಂಡಂತೆ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ನುಗ್ಗಿ ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಲಾಯಿತು. ದಂಗೆಯ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಅದು ಕನ್ನಡದ ಓದುಗರಿಗೆ ಉಳಿಯಿತು. ಸಂಸ್ಥಾನದ ಪ್ರಜೆಗಳು ಇಬ್ಬರು ಒಡೆಯರ ನಡುವೆ ಸಿಕ್ಕಿ ಹೇಗೆ ನಲುಗುತ್ತಿದ್ದರು ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇರೆ ಇಲ್ಲ.

ಹಲಗಲಿಯಲ್ಲಿ ಗಡಿ ಮುಖ್ಯವಾದರೂ 1876–78ರ ಬರಗಾಲಕ್ಕೆ ಸಂಸ್ಥಾನದ ಗಡಿಗಳು ಲೆಕ್ಕಕ್ಕೇ ಬರಲಿಲ್ಲ. ಎರಡೂ ಸಂಸ್ಥಾನಗಳಿಗೆ ತಾಗಿದ್ದ, ಬೀಳಗಿ ಸೇರಿದ್ದ ಬ್ರಿಟಿಷರ ಕಲಾದಗಿ ಜಿಲ್ಲೆಯಲ್ಲಿ 1872 ಮತ್ತು 1881ರ ಜನಗಣತಿಗಳ ನಡುವೆ ಜನಸಂಖ್ಯೆ ಐದನೇ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು.

ಮೂವರು ದೊರೆಗಳ ಮಗ್ಗದ ಊರುಗಳು

ಹೋಲಿಕೆಗೆ ಅತ್ಯಂತ ಒಳ್ಳೆಯ ಸಾಮಗ್ರಿ ರಾಜಧಾನಿಗಳಲ್ಲಿ ಇಲ್ಲ, ನೇಕಾರರ ಊರುಗಳಲ್ಲಿದೆ. ಬನಹಟ್ಟಿ ಜಮಖಂಡಿಗೆ ಸೇರಿತ್ತು. ಅದಕ್ಕೆ ಮೈಕೈ ತಾಗಿದಂತಿರುವ ರಬಕವಿ ಸಾಂಗ್ಲಿ ಸಂಸ್ಥಾನದ್ದು, ತೇರದಾಳದೊಂದಿಗೆ. ಕೆಲವೇ ಮೈಲಿ ಆಚೆಯ ಮಹಾಲಿಂಗಪುರ ಮುಧೋಳದ್ದು. ಈ ಊರುಗಳೆಲ್ಲ ಜಮಖಂಡಿಯವೇ ಎಂದು ಈಚಿನ ಹಲವು ಬರಹಗಳು ತಿಳಿದುಕೊಂಡಿವೆ. ಸ್ವಾತಂತ್ರ್ಯದ ಮೇಲೆ ರಬಕವಿ–ಬನಹಟ್ಟಿ ಜಮಖಂಡಿ ತಾಲ್ಲೂಕಿನಲ್ಲಿ ಒಂದೇ ಪಟ್ಟಣವಾಗಿ ಬೆಳೆದದ್ದೇ ಈ ತಪ್ಪಿಗೆ ಕಾರಣ.

ಮೂವರು ದೊರೆಗಳ ಕೈಕೆಳಗಿದ್ದರೂ ಈ ಊರುಗಳ ಕಸುಬು ಒಂದೇ: ಹತ್ತಿ ಮತ್ತು ರೇಷ್ಮೆಯ ಸೀರೆ, ಕುಪ್ಪಸದ ಕಣ. ಮಹಾಲಿಂಗಪುರಕ್ಕೆ ಮುಂದೆ ಬೆಲ್ಲದ ಪೇಟೆಯೂ ಕೂಡಿಕೊಂಡಿತು. ನೂಲು ತರುವವರು, ಬಣ್ಣ ಹಾಕುವವರು, ಸೀರೆ ಒಯ್ಯುವ ಸಾವುಕಾರರು ಗಡಿಗಳನ್ನು ದಾಟಿ ವ್ಯವಹಾರ ಮಾಡುತ್ತಿದ್ದರು. ಮಗ್ಗದ ಮುಂದೆ ಕೂತವನು ಯಾವ ದೊರೆಯ ಪ್ರಜೆ ಎಂಬುದು ಅವನ ಕೂಲಿಯನ್ನು ನಿರ್ಧರಿಸುತ್ತಿರಲಿಲ್ಲ. ನೂಲಿನ ಬೆಲೆ ಮತ್ತು ಸಾವುಕಾರನ ಮುಂಗಡ ನಿರ್ಧರಿಸುತ್ತಿದ್ದವು. ಆಳ್ವಿಕೆಯ ವ್ಯತ್ಯಾಸ ಬದುಕಿನ ಮಟ್ಟವನ್ನು ಬದಲಿಸಿತು ಎನ್ನುವ ವಾದಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಶಾಲೆಯ ವಿಷಯದಲ್ಲಿ ಮಾತ್ರ ಜಮಖಂಡಿ ಮುಂದಿತ್ತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಶಾಸ್ತ್ರಜ್ಞ ಗುರುದೇವ ರಾನಡೆ ಓದಿದ್ದು ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ. ಕಲಿಕೆಯ ಮಾಧ್ಯಮ ಮತ್ತು ಕಚೇರಿಯ ಭಾಷೆ ಮರಾಠಿಗೆ ವಾಲಿದ್ದರಿಂದ ಒಕ್ಕಲಿಗ, ನೇಕಾರ ಮನೆಗಳ ಕನ್ನಡ ಮಕ್ಕಳು ಈ ಅನುಕೂಲದಿಂದ ದೂರ ಉಳಿದರು. ರೈಲಂತೂ ಎರಡೂ ರಾಜಧಾನಿಗಳಿಗೆ ಬರಲಿಲ್ಲ.

ವಿಲೀನ

ವಿಲೀನದ ದಿನಾಂಕವನ್ನು ಕೆಲವರು 1948ರ ಫೆಬ್ರುವರಿ 19 ಎಂದೂ ಕೆಲವರು ಮಾರ್ಚ್ 8 ಎಂದೂ ಕೊಡುತ್ತಾರೆ. ಎರಡೂ ಸರಿ: ಮೊದಲನೆಯದು ದಖ್ಖನಿ ಸಂಸ್ಥಾನಗಳ ಒಪ್ಪಂದಕ್ಕೆ ಸಂಬಂಧಿಸಿದ್ದು, ಎರಡನೆಯದು ಮುಂಬಯಿ ಪ್ರಾಂತ ಆಡಳಿತ ವಹಿಸಿಕೊಂಡ ದಿನ. ಜಮಖಂಡಿಯ ಕೊನೆಯ ದೊರೆ ಶಂಕರರಾವ್ ಪಟವರ್ಧನ ವಿಲೀನಕ್ಕೆ ಮೊದಲು ಒಪ್ಪಿದವರಲ್ಲಿ ಒಬ್ಬರೆಂದು ಹೆಸರು ಪಡೆದರು. ಎರಡೂ ಸೀಮೆಗಳು ಬಿಜಾಪುರ ಜಿಲ್ಲೆಯ ತಾಲ್ಲೂಕುಗಳಾದವು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿದವು. ಕುಂದಗೋಳ ಧಾರವಾಡ ಜಿಲ್ಲೆಯ ಪಾಲಾಯಿತು.

ಹೆಚ್ಚಿನ ಇತಿಹಾಸಕಾರರು 1948ನ್ನೇ ಈ ಸೀಮೆಯ ತಿರುವು ಎಂದು ಬರೆಯುತ್ತಾರೆ. ಬದುಕಿನ ಸ್ಥಿತಿಗತಿಯನ್ನು ಅಳತೆಗೋಲಾಗಿ ಹಿಡಿದರೆ ಈ ನಿಲುವು ನಿಲ್ಲುವುದಿಲ್ಲ. ವಿಲೀನವಾದ ನಂತರವೂ ಕೃಷ್ಣಾತೀರದ ರೈತ ಮಳೆಯ ಜೋಳವನ್ನೇ ನಂಬಿದ್ದ, ಬೇಸಿಗೆಯಲ್ಲಿ ಗುಳೆ ಹೋಗುತ್ತಿದ್ದ. ತಿರುವು ಬಂದದ್ದು ನೀರಿನಿಂದ. ಎರಡು ಸೀಮೆಗಳಿಗೆ ಅದು ಬೇರೆಬೇರೆ ಹೊತ್ತಿನಲ್ಲಿ, ಬೇರೆಬೇರೆ ಕೈಗಳಿಂದ ಬಂತು.

ಎರಡು ಹೊಳೆ

ಘಟಪ್ರಭೆಗೆ ಸರ್ಕಾರದ ಕೈ ಬೇಗ ಹತ್ತಿತು. ಧೂಪದಾಳದ ಒಡ್ಡು 1897ರಲ್ಲಿ ಮುಗಿದಿತ್ತು. ಸಂಸ್ಥಾನದ ಕಾಲದಲ್ಲಿ ಅದರ ಕಾಲುವೆಯ ಲಾಭ ಗೋಕಾಕದ ಬ್ರಿಟಿಷ್ ಸೀಮೆಗೆ ಸಿಕ್ಕಿತು. ಸ್ವಾತಂತ್ರ್ಯದ ನಂತರ ಎಡದಂಡೆ ಕಾಲುವೆ ಕೆಳಗಿನ ಸೀಮೆಗೆ ಇಳಿಯಿತು, 1970ರ ದಶಕದಲ್ಲಿ ಹಿಡಕಲ್ ಜಲಾಶಯ ನೀರು ಸಂಗ್ರಹಿಸತೊಡಗಿತು. ಮುಧೋಳದ ಹೊಲಗಳಿಗೆ ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು.

ಕೃಷ್ಣೆಯ ಕಥೆ ಬೇರೆ. ಮಹಾರಾಷ್ಟ್ರದಲ್ಲಿ 1960ರ ದಶಕದಲ್ಲಿ ಕೊಯ್ನಾ ಅಣೆಕಟ್ಟೆ ಮುಗಿದು ನೀರು ವಿದ್ಯುತ್ತಿಗಾಗಿ ಪಡುವಣಕ್ಕೆ ತಿರುಗಿದ ಮೇಲೆ ಕೆಳಗಿನ ಪಾತ್ರದಲ್ಲಿ ಬೇಸಿಗೆಯ ಹರಿವು ಇನ್ನೂ ಕ್ಷೀಣಿಸಿತು. ಜಮಖಂಡಿ ತಾಲ್ಲೂಕಿನ ಹಿಪ್ಪರಗಿಯಲ್ಲಿ 1970ರ ದಶಕದಲ್ಲಿ ಶುರುವಾದ ಸರ್ಕಾರಿ ಬ್ಯಾರೇಜ್ ದಶಕಗಳಾದರೂ ಮುಗಿಯಲಿಲ್ಲ. ಕೆಳಗೆ ಆಲಮಟ್ಟಿ, ಮೇಲೆ ಹಿಪ್ಪರಗಿ; ನಡುವಿನ ಊರುಗಳಿಗೆ ಎರಡೂ ದೂರ. ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟ ರೈತನ ಬೆಳೆ ಹೊಳೆ ಬತ್ತಿದ ಕೂಡಲೇ ಒಣಗುತ್ತಿತ್ತು.

ಈ ಸ್ಥಿತಿಯಲ್ಲಿ ಚಿಕ್ಕಪಡಸಲಗಿಯ ರೈತರು ಕೃಷ್ಣಾತೀರ ರೈತ ಸಂಘ ಕಟ್ಟಿಕೊಂಡು 1989ರಲ್ಲಿ ಹೊಳೆಗೆ ಅಡ್ಡಲಾಗಿ ತಾವೇ ಬ್ಯಾರೇಜ್ ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡ. ಎರಡೂ ದಂಡೆಯ ಊರುಗಳು ವಂತಿಗೆ ಕೂಡಿಸಿದವು, ಜನ ಸರದಿಯ ಮೇಲೆ ದುಡಿದರು, ಸರ್ಕಾರದ ಅನುದಾನ ಇರಲಿಲ್ಲ. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ವೆಚ್ಚದ ಬಗ್ಗೆ ವರದಿಗಳು ಒಂದೊಂದು ಅಂಕಿ ಕೊಡುತ್ತವೆ. ಅವು ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿವೆ. ಈ ವ್ಯತ್ಯಾಸಕ್ಕೆ ಕಾರಣ ಸರಳ: ಕೂಡಿದ ಹಣಕ್ಕೆ ಲೆಕ್ಕವಿದೆ, ಮೈಮುರಿದು ದುಡಿದ ಜನರ ಕೂಲಿಗೆ ಲೆಕ್ಕವಿಟ್ಟಿಲ್ಲ. ಅದನ್ನೂ ಸೇರಿಸಿದರೆ ಮಾತ್ರ ನಿಜವಾದ ಬೆಲೆ ತಿಳಿಯುತ್ತದೆ.

ಇದು ದೇಶದ ಮೊದಲ ಖಾಸಗಿ ಬ್ಯಾರೇಜ್ ಎಂಬ ಹೇಳಿಕೆ ಎಲ್ಲೆಡೆ ಕಾಣುತ್ತದೆ. ಊರವರೇ ಹೊಳೆಗೆ ಒಡ್ಡು ಹಾಕಿ ನೀರು ಹಂಚಿಕೊಳ್ಳುವ ‘ಫಡ್’ ಪದ್ಧತಿ ಖಾನದೇಶದಲ್ಲಿ ಶತಮಾನಗಳಿಂದ ಇತ್ತು. ಆ ದೃಷ್ಟಿಯಿಂದ ‘ಮೊದಲ’ ಎಂಬುದನ್ನು ಅಳೆದು ಹೇಳಬೇಕು. ಕೃಷ್ಣೆಯಂಥ ಅಂತರರಾಜ್ಯ ನದಿಗೆ ಕಾಂಕ್ರೀಟಿನ ಬ್ಯಾರೇಜನ್ನು ರೈತರು ತಮ್ಮ ಹಣ, ಶ್ರಮದಿಂದ ಕಟ್ಟಿದ್ದು ಮಾತ್ರ ಅಸಾಧಾರಣ. ಅದರ ಘನತೆಗೆ ಮೊದಲನೆಯದೆಂಬ ಬಿರುದಿನ ಅಗತ್ಯವಿಲ್ಲ.

ಪರಿಣಾಮ ಹೊಲದಲ್ಲಿ ಕಂಡಷ್ಟೇ ಮತಪೆಟ್ಟಿಗೆಯಲ್ಲೂ ಕಂಡಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಕಾಂಗ್ರೆಸ್ಸಿನ ನ್ಯಾಮಗೌಡರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಮುಂದೆ ಕೇಂದ್ರ ಮಂತ್ರಿಮಂಡಲದಲ್ಲಿ ಕಲ್ಲಿದ್ದಲು ಖಾತೆಯಲ್ಲಿ ಸ್ಥಾನ ಪಡೆದರು. ಜಮಖಂಡಿಯ ಶಾಸಕರಾಗಿದ್ದಾಗಲೇ 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಈಚಿನ ದಶಕಗಳು

1990ರ ನಂತರ ಎರಡು ಸೀಮೆಗಳ ಅಂತರ ಬೇಗ ಕಿರಿದಾಯಿತು. ಜಮಖಂಡಿಯ ಕಡೆ ಹಿರೇಪಡಸಲಗಿ, ಸಿದ್ದಾಪುರಗಳಲ್ಲಿ ಸಕ್ಕರೆ ಕಾರ್ಖಾನೆಗಳು ಬಂದವು. ಮುಧೋಳದಲ್ಲಿ ಸಕ್ಕರೆಯ ಜೊತೆಗೆ ಸುಣ್ಣದಕಲ್ಲಿನ ಆಧಾರದ ಸಿಮೆಂಟ್ ಉದ್ಯಮ ಮುದ್ದಾಪುರದಲ್ಲಿ ನೆಲೆಯೂರಿತು. 2011ರ ಜನಗಣತಿಯಲ್ಲಿ ಜಮಖಂಡಿ ಪಟ್ಟಣದ ಜನಸಂಖ್ಯೆ ಸುಮಾರು 69 ಸಾವಿರ, ಮುಧೋಳದ್ದು ಸುಮಾರು 52 ಸಾವಿರ. ದೊರೆಯ ಗಾದಿಯೇ ಇರದಿದ್ದ ರಬಕವಿ–ಬನಹಟ್ಟಿ ಸುಮಾರು 77 ಸಾವಿರ ಜನರೊಂದಿಗೆ ಎರಡೂ ಹಳೆಯ ರಾಜಧಾನಿಗಳನ್ನು ಹಿಂದೆ ಹಾಕಿತ್ತು. ಕೈಮಗ್ಗದ ಸದ್ದು ಕಡಿಮೆಯಾಗಿ ವಿದ್ಯುತ್ ಮಗ್ಗ ಮೇಲುಗೈ ಪಡೆದರೂ ನೇಕಾರನ ಗಳಿಕೆ ಕಬ್ಬಿನ ಒಕ್ಕಲಿಗನ ಗಳಿಕೆಗೆ ಸಮನಾಗಲಿಲ್ಲ. ಹಾಗಾಗಿ ಇಂದಿನ ದೊಡ್ಡ ಅಂತರ ಜಮಖಂಡಿ–ಮುಧೋಳಗಳ ನಡುವಿನದಲ್ಲ. ನೀರುಳ್ಳ ಹೊಲಕ್ಕೂ ಮಗ್ಗದ ಮನೆಗೂ ನಡುವಿನದು, ಭೂಮಿ ಇದ್ದವರಿಗೂ ಇಲ್ಲದವರಿಗೂ ನಡುವಿನದು. ದೇವದಾಸಿ ಪದ್ಧತಿಗೆ ಬಲಿಯಾದ ಹೆಣ್ಣುಮಕ್ಕಳು ಎರಡೂ ತಾಲ್ಲೂಕುಗಳಲ್ಲಿ ಬಹುಪಾಲು ಭೂಮಿ ಇಲ್ಲದವರೇ. 1982ರ ನಿಷೇಧ ಕಾಯ್ದೆಯ ನಂತರವೂ ಅವರ ಪುನರ್ವಸತಿ ಪೂರ್ಣವಾಗಿಲ್ಲ.

2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ತಾಲ್ಲೂಕನ್ನೇ ಘಟಕವಾಗಿ ಹಿಡಿದ ಈ ಅಳತೆಯಿಂದ ಹಳೆಯ ಸಂಸ್ಥಾನಗಳನ್ನು ನೇರವಾಗಿ ಹೋಲಿಸಲಾಗದು. ಸಾಂಗ್ಲಿಯ ರಬಕವಿ ಆಗ ಜಮಖಂಡಿ ತಾಲ್ಲೂಕಿನ ಲೆಕ್ಕದಲ್ಲಿತ್ತು, ಜಮಖಂಡಿಯ ಕುಂದಗೋಳ ಧಾರವಾಡದ ಲೆಕ್ಕದಲ್ಲಿತ್ತು.

ನೀರು ತಂದ ಸಮೃದ್ಧಿಯೊಂದಿಗೆ ಅದರ ಕೇಡೂ ಬಂತು. ಮಿತಿಮೀರಿದ ನೀರುಣಿಕೆಯಿಂದ ಎರಡೂ ಸೀಮೆಗಳ ಎರೆ ಭೂಮಿ ಸವಳು-ಜವಳಾಗುತ್ತಿದೆ. ಜೋಳದ ಹೊಲ ಕಬ್ಬಿನ ಗದ್ದೆಯಾದ ಮೇಲೆ ಒಕ್ಕಲಿಗನ ಬದುಕು ಕಾರ್ಖಾನೆಯ ದರಕ್ಕೆ ಕಟ್ಟುಬಿದ್ದಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಜಮಖಂಡಿಯ ಊರುಗಳನ್ನೂ ಘಟಪ್ರಭೆ ಮುಧೋಳದ ಊರುಗಳನ್ನೂ ಒಟ್ಟಿಗೇ ಮುಳುಗಿಸಿದವು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ನೀಡಿದೆ. ಅದು ಜಾರಿಗೆ ಬಂದಾಗ ಮುಳುಗುವ ಭೂಮಿ ಬೀಳಗಿಯ ಜೊತೆಗೆ ಈ ಎರಡೂ ಹಳೆಯ ಸಂಸ್ಥಾನಗಳ ಸೀಮೆಯಲ್ಲಿದೆ.