ಬಂಗು, ಬೆಳಕು ಮತ್ತು ಬಳ್ಳಾರಿ ಬಿಸಿಲು

ನಮ್ಮ ಕಡೆ ಮೊದಲು ಮುಖದ ಮೇಲಿನ ನರಹುಲಿಗೆ ಸುಣ್ಣ-ಸೋಡಾ ಹಚ್ಚೋರು. ನರಹುಲಿ ಸುಟ್ಟು ಉದುರಿ, ಆ ಜಾಗದಲ್ಲಿ ಕುಳಿಯೊಂದು ಉಳೀತಿತ್ತು. ಹಾಗೆ ನೋಡಿದರೆ ಲೇಸರ್ ಮಾಡುವುದೂ ಸುಡುವ ಕೆಲಸವೇ. ಏನನ್ನು ಸುಡಬೇಕು, ಏನನ್ನು ಬಿಡಬೇಕು ಅಂತ ಕಲಿಯೋಕೆ ಅದಕ್ಕೆ 20 ವರ್ಷದ ಮೇಲೆ ಹಿಡೀತು.

ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದ್ದು 1960ರ ಮೇ 16ರಂದು. ಬಳ್ಳಾರಿಯ ಮೆಡಿಕಲ್ ಕಾಲೇಜು, ಅಂದರೆ ಮುಂದೆ ವಿಮ್ಸ್ ಅನ್ನಿಸಿಕೊಂಡಿದ್ದು, ಶುರುವಾಗಿದ್ದು ಅದರ ಮರುವರ್ಷ. ಆ ದಶಕದ ಆರಂಭದಲ್ಲೇ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಹಚ್ಚೆ, ಮಚ್ಚೆಗಳ ಮೇಲೆ ಈ ಬೆಳಕು ಬಿಟ್ಟು ನೋಡಿದರು. ನರಹುಲಿ, ಮೊಡವೆ ಕುಳಿಗಳಿಗೆ ಇವತ್ತೂ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರ್ 1964ರದು. ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್.

ನಿಜವಾದ ತಿರುವು 1983ರಲ್ಲಿ. ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಹೇಳಿದ್ದು ಇಷ್ಟು: ಒಂದೊಂದು ಬಣ್ಣ ಒಂದೊಂದು ಬೆಳಕನ್ನು ಹೆಚ್ಚು ಹೀರುತ್ತದೆ, ಬೆಳಕನ್ನು ಕ್ಷಣದ ಸಣ್ಣ ಚೂರಿನಷ್ಟೇ ಬಿಟ್ಟರೆ ಕಾವು ಅಕ್ಕಪಕ್ಕಕ್ಕೆ ಹರಡೋದರೊಳಗೆ ಗುರಿ ಮಾತ್ರ ಒಡೆದಿರುತ್ತದೆ. ಹುಟ್ಟಿನಿಂದ ಬಂದ ಕೆಂಪು ಮಚ್ಚೆಗೆ ರಕ್ತ ಹೀರುವ ಹಳದಿ ಬೆಳಕು, ಕಪ್ಪು ಕಲೆಗೆ ಮೆಲನಿನ್ ಹೀರುವ ಬೆಳಕು.

ತಕರಾರು ಇಲ್ಲೇ. ಮೆಲನಿನ್ ಕಲೆಯಲ್ಲಷ್ಟೇ ಇಲ್ಲವಲ್ಲ, ನಮ್ಮ ಮೈತುಂಬ ಐತಿ! ಬಿಳಿ ಚರ್ಮದ ಲೆಕ್ಕಕ್ಕೆ ಮಷೀನು ತಿರುವಿದರೆ ಸುತ್ತಲಿನ ಚರ್ಮವೂ ಸುಟ್ಟು, ಮೊದಲಿಗಿಂತ ಕಪ್ಪಾಗ್ತದೆ. ಅದಕ್ಕೇ ನಮ್ಮಂಥವರಿಗೆ ಮೆಲನಿನ್ ಕಡಿಮೆ ಹೀರುವ, ಆಳಕ್ಕಿಳಿಯುವ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ವಾಸಿ ಅಂತಾರೆ.

ಬಂಗಿನ ಕತೆ ಇನ್ನೂ ಹಠಮಾರಿಯದು. ಬಿಸಿಲು, ಬಸಿರು, ಹಾರ್ಮೋನು, ಮನೆತನ ಎಲ್ಲ ಸೇರಿ ಬರೋದು ಅದು. ಸಿರುಗುಪ್ಪದಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಗಳು ಲೇಸರ್ ಮಾಡಿಸಿಕೊಂಡು ಮತ್ತೆ ಅದೇ ಗದ್ದೆಗಿಳಿದರೆ, ಬಂಗೂ ವಾಪಸ್ ಬರ್ತದೆ. 1975ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಇಂಥ ಕಲೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಒಂದು ಸ್ಟಿರಾಯ್ಡ್ ಬೆರೆಸಿ ಮುಲಾಮು ಮಾಡಿದರು. ಕೆಲವು ವಾರಕ್ಕೆಂದು ವೈದ್ಯರು ಕೊಡಬೇಕಾದ ಇಂಥ ಮುಲಾಮು ನಮ್ಮಲ್ಲಿ ಬೆಳ್ಳಗಾಗುವ ಕ್ರೀಮಾಗಿಬಿಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಆದರೂ ಕುರುಗೋಡಿನ ನಮ್ಮ ಅಕ್ಕನ ಮಗಳಿಗೆ, ಮದುವೆ ಹತ್ತಿರ ಬಂತೆಂದು, ಅಂಗಡಿಯೊಂದರಲ್ಲಿ ಬರೀ ಬಾಯಿಮಾತಿಗೆ ಟ್ಯೂಬ್ ಸಿಕ್ಕಿತು. ಆರು ತಿಂಗಳಲ್ಲಿ ಕೆನ್ನೆಯ ಚರ್ಮ ತೆಳುವಾಗಿ, ಕೆಂಪು ನರ ಕಾಣತೊಡಗಿದವು.

"ಮಾಮಾ, ಬಳ್ಳಾರ್ಯಾಗ ಲೇಸರ್ ಹೊಡೆಸಿದ್ರ ಹೋಗ್ತೈತೇನು?" ಅಂತ ಕೇಳಿದಳು. ಕರಕೊಂಡು ಹೋದೆ. ಡಾಕ್ಟರು ಮಷೀನಿನ ಕಡೆ ನೋಡಲೇ ಇಲ್ಲ. ಟ್ಯೂಬ್ ಒಮ್ಮೆಲೇ ಅಲ್ಲ, ಹಂತಹಂತವಾಗಿ ಬಿಡಬೇಕು, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಬೇಕು, ಚರ್ಮ ಸುಧಾರಿಸೋವರೆಗೆ ಲೇಸರ್ ಮಾತೇ ಬೇಡ ಅಂದರು. ಮದುವೆ ಫೋಟೋದ ಚಿಂತೆ ಅವಳಿಗೆ. ಫೋಟೋದವನಿಗೆ ಹೇಳ್ತೀನಿ ಬಿಡವ್ವಾ ಅಂದೆ.