ಟೈರು, ಎಣ್ಣೆ ಮತ್ತು ನಡುವಿನ ಪೆಟ್ಟಿಗೆ

ಪಶ್ಚಿಮ ದೆಹಲಿಯ ಜನಕಪುರಿಯು ದೆಹಲಿ ಅಭಿವೃದ್ಧಿ ಪ್ರಾಧಿಕಾರ 1970ರ ದಶಕದಲ್ಲಿ ಬೆಳೆಸಿದ ದೊಡ್ಡ ಬಡಾವಣೆ. ಅದೇ ದಶಕದಲ್ಲಿ ಪಹಾಡ್‌ಗಂಜ್ ಬಳಿಯ ಮೋತಿಯಾ ಖಾನ್‌ನ ಗುಜರಿ ವ್ಯಾಪಾರ ಮಾಯಾಪುರಿಗೆ ಸ್ಥಳಾಂತರಗೊಂಡಿತು. ಜನಕಪುರಿಗೂ ಮಾಯಾಪುರಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರು. ಒಂದು ಕಡೆ ಮನೆಮುಂದೆ ನಿಂತ ಕಾರು. ಇನ್ನೊಂದು ಕಡೆ ಅಂಥದೇ ಕಾರುಗಳಿಂದ ಬಿಚ್ಚಿಟ್ಟ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳ ರಾಶಿ. ದುಬಾರಿ ಎಸ್‌ಯುವಿಯೊಂದು ಇನ್ನಷ್ಟು ವರ್ಷ ಓಡಬೇಕೋ, ಗುಜರಿಗೆ ಹೋಗಬೇಕೋ ಎಂಬ ಪ್ರಶ್ನೆಯನ್ನು ಎಬ್ಬಿಸುವ ಭಾಗಗಳಲ್ಲಿ ಒಂದು, ಗೇರ್‌ಬಾಕ್ಸಿನ ಹಿಂದೆ ಕೂತಿರುವ ಪೆಟ್ಟಿಗೆ. ಅದರ ಹೆಸರು ಟ್ರಾನ್ಸ್‌ಫರ್ ಕೇಸ್.

ಕಾಯಿಲೆಯ ಲಕ್ಷಣ ಮಾಲೀಕರಿಗೆಲ್ಲ ಗೊತ್ತಿರುವಂಥದು. ನಿಧಾನವಾಗಿ ಯು-ಟರ್ನ್ ತೆಗೆದುಕೊಳ್ಳುವಾಗ ಗಾಡಿ ತಡವರಿಸುತ್ತದೆ, ಯಾರೋ ಬ್ರೇಕ್ ಒತ್ತಿ ಬಿಟ್ಟಂತೆ ನಡುಗುತ್ತದೆ. ಕೆಲವು ಗಾಡಿಗಳಲ್ಲಿ ಎಬಿಎಸ್, ಬ್ರೇಕ್, ಫೋರ್‌ವೀಲ್ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಪೆಟ್ಟಿಗೆಯನ್ನೇ ಪೂರ್ತಿ ಬದಲಿಸಿ ಎಂಬ ಅಂದಾಜುಪಟ್ಟಿ ಕೈಗೆ ಬಂದರೆ ಹಳೇ ಗಾಡಿಯ ಮಾಲೀಕನ ಎದೆ ಧಸಕ್ಕೆನ್ನುತ್ತದೆ. ಆದರೆ ಈ ಪೆಟ್ಟಿಗೆಯ ಚರಿತ್ರೆಯನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ತಂತ್ರಜ್ಞಾನ ಎಷ್ಟೇ ಬದಲಾದರೂ ಮೊದಲು ನೋಡಬೇಕಾದ ಎರಡು ಸಂಗತಿಗಳು ಬದಲಾಗಿಲ್ಲ: ಟೈರು ಮತ್ತು ಎಣ್ಣೆ.

ಲಿವರ್ ಇದ್ದ ಕಾಲ

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರಡೂ ಆಕ್ಸಲ್‌ಗಳನ್ನು ಒಂದಕ್ಕೊಂದು ಬಿಗಿಯಾಗಿ ಕಟ್ಟಿಬಿಟ್ಟರೆ ಈ ವ್ಯತ್ಯಾಸ ಎಲ್ಲಾದರೂ ಹೊರಬೀಳಲೇಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರು ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಆ ಬಲವೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ.

1941ರಲ್ಲಿ ಅಮೆರಿಕದ ಸೇನೆಗೆ ತಯಾರಾಗತೊಡಗಿದ ವಿಲ್ಲೀಸ್ ಜೀಪಿನಲ್ಲಿ ಇದಕ್ಕೆ ಪರಿಹಾರ ಚಾಲಕನ ಕೈಯಲ್ಲೇ ಇತ್ತು. ಗೇರ್ ಲಿವರಿನ ಪಕ್ಕ ಇನ್ನೆರಡು ಚಿಕ್ಕ ಲಿವರ್. ಒಂದು ಮುಂದಿನ ಆಕ್ಸಲ್ಲಿಗೆ ಶಕ್ತಿ ಕೊಡಲು, ಇನ್ನೊಂದು ಲೋ ಗೇರಿಗೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಫೋರ್‌ವೀಲ್ ತೆಗೆಯಬೇಕು, ಅಷ್ಟೇ ನಿಯಮ.

1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ, ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದ ಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಆ ದಶಕದ ಕೊನೆಯ ಹೊತ್ತಿಗೆ ಅದು ಮುಂಬೈಯಲ್ಲಿ ಜೀಪು ಜೋಡಿಸತೊಡಗಿತ್ತು. ಸೇನೆ ಹರಾಜು ಹಾಕಿದ ಡಿಸ್ಪೋಸಲ್ ಜೀಪುಗಳೂ ಇವುಗಳ ಜೊತೆಗೆ ಊರೂರಿಗೆ ಬಂದವು. ಕೊಡಚಾದ್ರಿಯ ಏರನ್ನು ಜೀಪಿನಲ್ಲಿ ಹತ್ತಿದವರಿಗೆ ಆ ಲಿವರ್ ಎಳೆಯುವ ಸದ್ದು ಗೊತ್ತು. ಅಂಥ ಪೆಟ್ಟಿಗೆ ಕೆಟ್ಟರೆ ಗೇರು ಜಾರುತ್ತದೆ, ಸೀಲು ಸೋರುತ್ತದೆ, ಬೇರಿಂಗ್ ಊಳಿಡುತ್ತದೆ. ಕಿವಿ ಇದ್ದ ಮೆಕ್ಯಾನಿಕ್ಕಿಗೆ ಬೇರೆ ಉಪಕರಣ ಬೇಕಿರಲಿಲ್ಲ.

ಲಿವರ್ ಮಾಯವಾದದ್ದು

ಫೋರ್‌ವೀಲ್ ಹಾಕಿ ತೆಗೆಯುವ ಈ ಕೆಲಸವನ್ನು ಚಾಲಕನಿಂದ ಬಿಡಿಸುವುದು ಮುಂದಿನ ಹೆಜ್ಜೆ. ಬ್ರಿಟನ್ನಿನ ಜೆನ್ಸನ್ ಎಫ್‌ಎಫ್ ಕಾರು 1966ರಲ್ಲಿ ಹ್ಯಾರಿ ಫರ್ಗುಸನ್ನರ ಸಂಸ್ಥೆಯ ತಂತ್ರದಿಂದ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಕೊಟ್ಟಿತು. 1970ರಲ್ಲಿ ಬಂದ ರೇಂಜ್ ರೋವರ್, ನಡುವೆ ಒಂದು ಡಿಫರೆನ್ಷಿಯಲ್ ಇಟ್ಟು ಅದನ್ನೇ ಹೊಲ, ಗುಡ್ಡ, ಹೆದ್ದಾರಿ ಎಲ್ಲಕ್ಕೂ ಒಗ್ಗಿಸಿತು. 1973ರ ಮಾದರಿಯ ಜೀಪುಗಳಿಗೆ ಅಮೆರಿಕದಲ್ಲಿ ಕ್ವಾಡ್ರಾ-ಟ್ರ್ಯಾಕ್ ಬಂತು. ಬೋರ್ಗ್-ವಾರ್ನರ್ ಮಾಡಿದ ಈ ಪೆಟ್ಟಿಗೆಯೊಳಗೆ ಚೈನು ಮತ್ತು ಘರ್ಷಣೆಯಿಂದ ಹಿಡಿಯುವ ಕೋನ್ ಕ್ಲಚ್ಚುಗಳಿದ್ದವು.

ಇಂದಿನ ದೂರು ಅಂದೇ ಹುಟ್ಟಿತು. ನಿಧಾನದ ತಿರುವಿನಲ್ಲಿ ಕ್ವಾಡ್ರಾ-ಟ್ರ್ಯಾಕ್ ಗಾಡಿಗಳು ಗೊರಗುಟ್ಟಿ ಜಗ್ಗುತ್ತಿದ್ದವು. ಕ್ಲಚ್ಚಿನ ಮೇಲ್ಮೈ ಒಮ್ಮೆ ಹಿಡಿದು ಒಮ್ಮೆ ಜಾರುವುದೇ ಇದಕ್ಕೆ ಕಾರಣ. ಪರಿಹಾರ ಎರಡಿತ್ತು: ಆ ಪೆಟ್ಟಿಗೆಗೆಂದೇ ತಯಾರಿಸಿದ ಎಣ್ಣೆ ಹಾಕುವುದು, ನಾಲ್ಕೂ ಟೈರುಗಳ ಅಳತೆ ಮತ್ತು ಗಾಳಿ ಸಮವಾಗಿಡುವುದು.

2003ರಲ್ಲಿ ಬಿಎಂಡಬ್ಲ್ಯು ತನ್ನ ಎಕ್ಸ್3 ಮತ್ತು ಎಕ್ಸ್5ಗಳಿಗೆ ಎಕ್ಸ್‌ಡ್ರೈವ್ ತಂದಾಗ ನಿರ್ಧಾರ ಕಂಪ್ಯೂಟರಿನ ಪಾಲಾಯಿತು. ಹಿಂದಿನ ಆಕ್ಸಲ್ಲಿಗೆ ಶಕ್ತಿ ನೇರವಾಗಿ ಹೋಗುತ್ತದೆ. ಮುಂದಿನದಕ್ಕೆ ಎಷ್ಟು ಎಂಬುದನ್ನು ಎಣ್ಣೆಯಲ್ಲಿ ಮುಳುಗಿದ ಹಲವು ತಟ್ಟೆಗಳ ಕ್ಲಚ್ಚು ತೀರ್ಮಾನಿಸುತ್ತದೆ. ಆ ತಟ್ಟೆಗಳನ್ನು ಒತ್ತುವುದು ಪೆಟ್ಟಿಗೆಯ ಹೊರಗೆ ಕೂತ ಚಿಕ್ಕ ವಿದ್ಯುತ್ ಮೋಟಾರು. 2007ರಲ್ಲಿ ಬಿಎಂಡಬ್ಲ್ಯು ಚೆನ್ನೈ ಬಳಿ ಕಾರ್ಖಾನೆ ತೆರೆಯಿತು, 2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರ್ ಲ್ಯಾಂಡ್ ರೋವರನ್ನು ಕೊಂಡಿತು. ಇಂಥ ಪೆಟ್ಟಿಗೆಗಳು ದೆಹಲಿಯ ಬೀದಿಗಳಲ್ಲಿ ಸಾಮಾನ್ಯವಾದವು. ಆ ನಗರದ ರಸ್ತೆಗಳಲ್ಲಿ ಫೋರ್‌ವೀಲ್‌ನ ಅಗತ್ಯವೇ ಅಪರೂಪ. ಆದರೂ ಪೆಟ್ಟಿಗೆ ಪ್ರತಿ ಸಿಗ್ನಲ್ಲಿನಲ್ಲಿ, ಪ್ರತಿ ತಿರುವಿನಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.

ಕಾಯಿಲೆ ಹಿಡಿಯುವ ಕ್ರಮ

ಮೊದಲು ಟೈರು. 255/55 ಆರ್18 ಅಳತೆಯ ಹೊಸ ಟೈರಿನ ಸುತ್ತಳತೆ ಸುಮಾರು 2.32 ಮೀಟರ್. ಅದಕ್ಕಿಂತ 5 ಮಿಲಿಮೀಟರ್ ಹೆಚ್ಚು ಸವೆದ ಟೈರು ಅದೇ ದೂರಕ್ಕೆ ಹೆಚ್ಚು ಸುತ್ತಬೇಕು: ಕಿಲೋಮೀಟರಿಗೆ ಸುಮಾರು 6 ಸುತ್ತು. ಖರ್ಚು ಉಳಿಸಲು ಹಿಂದಿನ ಎರಡು ಟೈರು ಮಾತ್ರ ಬದಲಿಸಿದರೆ, ನೇರ ರಸ್ತೆಯಲ್ಲೂ ಕ್ಲಚ್ಚಿನ ತಟ್ಟೆಗಳು ಒಂದಕ್ಕೊಂದು ಉಜ್ಜುತ್ತ ಕಾಯುತ್ತವೆ. ಒಂದು ಅಳತೆಪಟ್ಟಿಯಲ್ಲಿ ಗೊತ್ತಾಗುವ ದೋಷವಿದು.

ಆಮೇಲೆ ಎಣ್ಣೆ. ಪೆಟ್ಟಿಗೆಗೆ ನಿಗದಿಯಾದ ಎಣ್ಣೆಯ ಬದಲು ಗೇರ್‌ಬಾಕ್ಸಿನ ಎಣ್ಣೆ ಹಾಕಿದ್ದರೆ, ಹಾಕಿದ ಎಣ್ಣೆ ಹಳತಾಗಿದ್ದರೆ, ತಟ್ಟೆಗಳು ಹಿಡಿದು ಜಾರಲು ತೊಡಗುತ್ತವೆ. ಎಣ್ಣೆ ಬದಲಿಸಿದರೆ ಸಾಲದು. ಎಣ್ಣೆ ಎಷ್ಟು ಸವೆದಿದೆ ಎಂಬ ಲೆಕ್ಕವನ್ನು ಎಕ್ಸ್‌ಡ್ರೈವ್‌ನ ಕಂಪ್ಯೂಟರು ಇಟ್ಟಿರುತ್ತದೆ. ಅದನ್ನು ಸ್ಕ್ಯಾನರಿನಿಂದ ಹೊಸದಾಗಿ ಶುರುಮಾಡಬೇಕು.

ಮೂರನೆಯದು ಮೋಟಾರು. ಅದರೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದರೆ ಕ್ಲಚ್ಚು ಎಲ್ಲಿದೆಯೆಂದು ಕಂಪ್ಯೂಟರಿಗೆ ತಿಳಿಯದೆ ದೀಪಗಳು ಹೊತ್ತುತ್ತವೆ. ಆ ಗೇರೊಂದನ್ನೇ ಬದಲಿಸಿದರೂ ಬಹಳಷ್ಟು ಮೋಟಾರುಗಳು ಮತ್ತೆ ಓಡುತ್ತವೆ. ಜೋಡಿಸಿದ ಮೇಲೆ ಕ್ಯಾಲಿಬ್ರೇಷನ್ ಮಾಡಲೇಬೇಕು. ನಡುಕ ಪೆಟ್ಟಿಗೆಯದೋ ಬೇರೆಯದೋ ಎಂಬ ಸಂದೇಹವಿದ್ದರೆ ಮೋಟಾರಿನ ಫ್ಯೂಸ್ ತೆಗೆದು ನಿಧಾನವಾಗಿ ಓಡಿಸಿ ನೋಡುವ ವಾಡಿಕೆಯಿದೆ. ಆಗ ಗಾಡಿ ಹಿಂದಿನ ಚಕ್ರಗಳಿಂದ ಮಾತ್ರ ಓಡುತ್ತದೆ. ನಡುಕ ನಿಂತರೆ ಹುಡುಕಾಟ ಮುಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಭಾಗಕ್ಕೆ ಸೀಮಿತವಾಗುತ್ತದೆ.

ಪೆಟ್ಟಿಗೆ ಬಿಚ್ಚುವುದು ಕೊನೆಗೆ, ಚೈನು ಸಡಿಲವಾಗಿ ಹಲ್ಲು ಹಾರುವ ಸದ್ದು ಬಂದಾಗ ಅಥವಾ ತಟ್ಟೆಗಳು ಸುಟ್ಟಾಗ. ಈ ಕ್ರಮ ತಲೆಕೆಳಗಾದರೆ ಸವೆದ ಟೈರುಗಳ ನಡುವೆ ಹೊಸ ಪೆಟ್ಟಿಗೆ ಕೂರುತ್ತದೆ, ಅದೂ ಅದೇ ದಾರಿ ಹಿಡಿಯುತ್ತದೆ.

ತಾರೀಖಿನ ಲೆಕ್ಕ

ದೆಹಲಿಯಲ್ಲಿ ಈ ರಿಪೇರಿಯ ಲೆಕ್ಕಾಚಾರಕ್ಕೆ ಇನ್ನೊಂದು ಅಂಶ ಸೇರಿಕೊಂಡಿತು. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಕೂಡದೆಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ದೆಹಲಿಯ ಬಂಕುಗಳಲ್ಲಿ ಇಂಧನ ಕೊಡಬಾರದೆಂಬ ಆದೇಶ ಬಂದು ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿನ ಕಾರಣಕ್ಕಷ್ಟೇ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು.

ಹೀಗಾಗಿ ಎಂಟು ವರ್ಷದ ಡೀಸೆಲ್ ಎಸ್‌ಯುವಿಯ ಮಾಲೀಕ ಯೋಚಿಸುತ್ತ ಬಂದದ್ದು ಗಾಡಿಯ ಸ್ಥಿತಿಯನ್ನು ಮಾತ್ರವಲ್ಲ, ಉಳಿದಿರುವ ತಿಂಗಳುಗಳನ್ನೂ. ಪೆಟ್ಟಿಗೆ ನಡುಗಿದರೆ ಸರಿಮಾಡಿಸುವ ಬದಲು ಅಗ್ಗವಾಗಿ ಮಾರಿಬಿಡುವ ಆಸೆ ಸಹಜ. ನಿರಾಕ್ಷೇಪಣಾ ಪತ್ರ ಪಡೆದು ಇಂಥ ಗಾಡಿಗಳು ಬೇರೆ ರಾಜ್ಯಗಳಿಗೆ ಹೋಗುತ್ತವೆ. ಕರ್ನಾಟಕಕ್ಕೆ ಬಂದವು ತೆರಿಗೆ ಕಟ್ಟಿ ಕೆಎ ನಂಬರು ಪಡೆಯುತ್ತವೆ. ಉಳಿದವು ಗುಜರಿಗೆ ಹೋಗಿ, ಅವುಗಳ ಪೆಟ್ಟಿಗೆಗಳು ಬಿಡಿಭಾಗಗಳಾಗಿ ಬೇರೆ ಗಾಡಿಗಳನ್ನು ಸೇರುತ್ತವೆ.

ದೆಹಲಿಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೊಳ್ಳುವವರು ಬಣ್ಣ, ಸೀಟು ನೋಡುವ ಮೊದಲು ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹಾಕಿಸಬೇಕು. ನಾಲ್ಕೂ ಟೈರುಗಳ ಕಂಪನಿ, ಅಳತೆ, ಸವಕಳಿ ನೋಡಬೇಕು. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಬದಲಿಸಿದ ಬಿಲ್ಲು ಕೇಳಬೇಕು.