ಧ್ರುವ

ಸಂಸ್ಕೃತದಿಂದ ಬಂದ ಪದ. ಮೂಲಾರ್ಥ: ಸ್ಥಿರ, ಕದಲದ್ದು, ಖಚಿತ. ಮಲತಾಯಿ ಸುರುಚಿಯ ಮಾತಿಗೆ ನೊಂದು ತಪಸ್ಸು ಮಾಡಿ ಅಲುಗದ ಪದವಿ ಪಡೆದ ಉತ್ತಾನಪಾದನ ಮಗನ ಕಥೆ ಈ ಹೆಸರನ್ನು ಮನೆಮಾತಾಗಿಸಿತು. ಮದುವೆಯಲ್ಲಿ ವಧೂವರರಿಗೆ ಅರುಂಧತಿ ನಕ್ಷತ್ರದ ಜೊತೆ ಧ್ರುವತಾರೆಯನ್ನೂ ತೋರಿಸುವುದುಂಟು. ಭೂಗೋಳದಲ್ಲಿ ಉತ್ತರ ಧ್ರುವ, ಅಯಸ್ಕಾಂತಕ್ಕೆ ಎರಡು ಧ್ರುವ, ರಾಜಕೀಯದಲ್ಲಿ ಧ್ರುವೀಕರಣ.

ಆಕಾಶದ ಫೋಟೊ ತೆಗೆಯುವವರಿಗೆ ಇದು ದಿನಬಳಕೆಯ ಪದ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತದೆ. ದೂರದರ್ಶಕದ ಸ್ಟ್ಯಾಂಡಿನ ಅಕ್ಷವನ್ನು ಧ್ರುವಕ್ಕೆ, ಅಂದರೆ ಆಕಾಶ ಸುತ್ತುವ ನಡುಬಿಂದುವಿಗೆ, ಹೊಂದಿಸದಿದ್ದರೆ ಚಿತ್ರದಲ್ಲಿ ಚುಕ್ಕಿಗಳು ಗೆರೆಗಳಾಗುತ್ತವೆ. ಧ್ರುವದ ಎತ್ತರ ಊರಿನ ಅಕ್ಷಾಂಶದಷ್ಟೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಅದು ಸುಮಾರು 15 ಡಿಗ್ರಿ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿ. ಇಷ್ಟು ತಗ್ಗಿನಲ್ಲಿರುವುದರಿಂದ ಉತ್ತರಕ್ಕೆ ಗುಡ್ಡ, ಮರ ಅಡ್ಡವಿರದ ಜಾಗ ಬೇಕು.

ಹೆಸರು ಸ್ಥಿರವಾದರೂ ಧ್ರುವತಾರೆ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿ ಸುತ್ತುತ್ತದೆ. ಭೂಮಿಯ ಅಕ್ಷವೂ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುವುದರಿಂದ ಈ ಪಟ್ಟ ಕೈ ಬದಲಾಗುತ್ತದೆ. ಕ್ರಿ.ಪೂ. 2800ರ ಸುಮಾರಿಗೆ ಅದು ಥುಬಾನ್ ಎಂಬ ತಾರೆಯದಾಗಿತ್ತು.